ಚುಕ್ಕೆ ಎಲ್ಲಿ ಇಡಲಿ

ಮುಳಬಾಗಿಲು ದಾಟಿ ಏಳು ಕಿಲೋಮೀಟರು.
ಹೆದ್ದಾರಿಯ ಅಂಚಿಗೆ, ಹೊಂಗೆಯ ಅರೆನೆರಳಲ್ಲಿ
ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಕೊಡೆ,
ರಟ್ಟಿಗೆ ಕ್ಲಿಪ್ಪು ಹಾಕಿದ ನಮೂನೆ ಹಾಳೆಗಳು.
ಏಳು ದಿನ, ಹಗಲೂ ರಾತ್ರಿ,
ಹೋಗುವುದನ್ನು ನಾನು ಎಣಿಸುತ್ತೇನೆ,
ಬರುವುದನ್ನು ಇಮ್ತಿಯಾಜ್ ಪಾಷ.

ನಾಲ್ಕು ನೇರ ಗೀಟು, ಐದನೆಯದು ಅಡ್ಡ,
ಸೌದೆ ಕಟ್ಟಿದ ಹಾಗೆ ಒಂದೊಂದು ಹೊರೆ.
ಕಾರಿಗೆ ಒಂದು. ಬಸ್ಸಿಗೆ ಮೂರು. ಬೈಕಿಗೆ ಅರ್ಧ.
ಎತ್ತಿನ ಗಾಡಿಗೆ ಎಂಟು. ಇದು ಕೈಪಿಡಿಯ ಲೆಕ್ಕ,
ರಸ್ತೆಯಲ್ಲಿ ಅದು ತಿನ್ನುವ ಜಾಗಕ್ಕೆ, ಹೊತ್ತಿಗೆ.
ವಾರವಿಡೀ ಕಾದರೆ ಒಂದೇ ಗಾಡಿ ಬಂತು
ಹುಲ್ಲು ಹೇರಿಕೊಂಡು, ಬದಿಯ ಮಣ್ಣಿನ ಮೇಲೆ.
"ಎಂಟು ಕಾರಿನ ಸಾವ್ಕಾರ" ಎಂದು ಪಾಷ
ಎದ್ದು ನಿಂತು ಸಲಾಮು ಹೊಡೆದ.

ರಾತ್ರಿ ಎರಡರ ಮೇಲೆ ಟೊಮೇಟೊ ಲಾರಿ.
ಎಲ್ಲಿಂದ, ಎಲ್ಲಿಗೆ? ನಮಗಿರುವುದು ಎರಡೇ ಪ್ರಶ್ನೆ.
ಕಟಕ್ ಕಡೆಯವನೊಬ್ಬ ಉತ್ತರ ಕೊಟ್ಟು, ಬೀಡಿ ಹಚ್ಚಿ,
"ಇದು ಯಾವ ಊರು?" ಎಂದ.
ನಾನು ಹೇಳಿದ್ದು ಕಿಲೋಮೀಟರಿನ ಸಂಖ್ಯೆ.

ಬೆಳಗಿನ ಜಾವ ನರಸಾಪುರದ ಫ್ಯಾಕ್ಟರಿ ಬಸ್ಸುಗಳು.
ಕಿಟಕಿಗಾನಿಸಿದ ತಲೆಗಳು, ಬಾಯ್ತೆರೆದ ಹುಡುಗಿಯರು.
ಐವತ್ತು ನಿದ್ದೆಗೆ ಮೂರು.

ಆರಕ್ಕೆ, ಮಂಜಿನೊಳಗಿಂದ ಮೊದಲು ಹಾಲಿನ ಕ್ಯಾನು,
ಆಮೇಲೆ ಕೀಳುಕುಪ್ಪದ ಅಕ್ಕಯಮ್ಮ,
ಹಿಂದೆ ಇನ್ನೂ ಆರೇಳು ಮಂದಿ.
ಡೇರಿ ಇರುವುದು ಆ ಕಡೆ, ಮೇಲುಕುಪ್ಪದಲ್ಲಿ.
ಶಾಲೆ ಆ ಕಡೆ. ಸೊಸೈಟಿ ಅಕ್ಕಿ ಆ ಕಡೆ.
ಕೆರೆ, ಸುಡುಗಾಡು ಈ ಕಡೆ.
ಕಣಗಿಲೆ ನೆಟ್ಟ ಡಿವೈಡರಿನಲ್ಲಿ ಯಾರೋ
ಎರಡು ಕಂಬಿ ಬಗ್ಗಿಸಿದ್ದಾರೆ,
ಮೈ ಓರೆ ಮಾಡಿದರೆ ಕ್ಯಾನು ತೂರುವಷ್ಟು.

ಮೂರನೆಯ ದಿನ ನಿಂತು ಹಾಳೆ ಇಣುಕಿದಳು.
"ಅದೇನಪ್ಪ, ದಿನಾ ಗೀಟು ಎಳೀತೀಯ?"
"ರೋಡಲ್ಲಿ ಹೋಗೋರ್ನೆಲ್ಲ ಬರ್ಕೊಂತೀವಮ್ಮ."
"ನಾನೂ ದಿನಕ್ಕೆ ನಾಕು ದಪ ಹೋಗ್ತೀನಲ್ಲ,
ಬರ್ದಿದ್ದೀಯಾ ಮತ್ತೆ?"
ಹದಿನಾಲ್ಕು ಕಾಲಮ್ಮಿನಲ್ಲೂ ಹುಡುಕಿದೆ.
ಉದ್ದಕ್ಕೆ ಹೋಗುವ ಎಲ್ಲಕ್ಕೂ ಮನೆಯುಂಟು, ಒಂಟೆಗೂ ಸಹ
'ಇತರೆ' ಎಂದು.
ಅಡ್ಡಕ್ಕೆ ಹೋಗುವವರಿಗೆ ಇಲ್ಲ.
ಪಾಷ ಮೆಲ್ಲಗೆ ಅಂದ:
"ತಳ್ಳುಗಾಡೀಲಿ ಹಾಕೋಣ ಬಿಡು."

ಈಗ ಕೋಲಾರದ ಕಚೇರಿ, ಫ್ಯಾನಿನಡಿ ನಕ್ಷೆ.
ವಾಹನ ಹೆಚ್ಚಿದಷ್ಟೂ ಗೆರೆ ದಪ್ಪ,
ವರಮಾನ ಹೆಚ್ಚಿದಷ್ಟೂ ಹೋಬಳಿಗೆ ಗಾಢ ಬಣ್ಣ,
ಸಾವಿರ ಜನಕ್ಕೊಂದು ಕರಿ ಚುಕ್ಕೆ.
ಮಾಲೂರಿನ ಸುತ್ತ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ.
ಶ್ರೀನಿವಾಸಪುರದಾಚೆ ಗೆರೆ ಸಣಕಲಾಗಿ
ಮಾವಿನ ತೋಪಿನೊಳಗೆ ಎಲ್ಲೋ ತಪ್ಪಿಹೋಗುತ್ತದೆ.
"ರಸ್ತೆ ಹೋದಲ್ಲಿ ಜನ, ಜನ ಇದ್ದಲ್ಲಿ ದುಡ್ಡು,
ನೋಡಿ ಎಷ್ಟು ಚೆನ್ನಾಗಿ ಕೂತಿದೆ"
ಎಂದರು ಪಂಕಜಾಕ್ಷಿ ಮೇಡಂ.
ಕೆಜಿಎಫಿಗೆ ರಸ್ತೆಯೂ ಇತ್ತು, ರೈಲೂ ಇತ್ತು,
ಜನವೂ ಇದ್ದರಲ್ಲ ಮೇಡಂ,
ದುಡ್ಡು ಹೋಗಿದ್ದು ಯಾವ ದಾರಿಯಲ್ಲಿ?
ಅವರು ಬಣ್ಣದ ಪಟ್ಟಿಯನ್ನು
ಸ್ವಲ್ಪ ಎಡಕ್ಕೆ ಸರಿಸಲು ಹೇಳಿದರು.

ಕೀಳುಕುಪ್ಪ ನಾನೂರ ಹತ್ತು, ಮೇಲುಕುಪ್ಪ ಆರುನೂರು.
ಬೇರೆಬೇರೆ ಇಟ್ಟರೆ ಎರಡಕ್ಕೂ ಚುಕ್ಕೆಯಿಲ್ಲ,
ಕೂಡಿಸಿದರೆ ಒಂದು.
ನಡುವೆ ಇಡು ಎಂದಿತು ಕಂಪ್ಯೂಟರು. ಇಟ್ಟೆ.
ನಡುವೆ ಇರುವುದು ಹೆದ್ದಾರಿ.
ದಪ್ಪ ಕೆಂಪು ಗೆರೆಯಡಿ ಚುಕ್ಕೆ ಹೂತುಹೋಯಿತು.

ಎಲ್ಲರೂ ಊಟಕ್ಕೆ ಎದ್ದ ಮೇಲೆ
ಪದರ ಬದಲಿಸಿ ಅದನ್ನು ಮೇಲಕ್ಕೆ ತಂದೆ.
ಈಗ ನಾಲ್ಕು ಪಥದ ನಟ್ಟನಡುವೆ, ಕಣಗಿಲೆ ಸಾಲಿನಲ್ಲಿ
ಸಾವಿರದ ಹತ್ತು ಜನ ನಿಂತಿದ್ದಾರೆ
ಕ್ಯಾನು ಕೆಳಗಿಡದೆ,
ಎಡಕ್ಕೆ ನೋಡುತ್ತ.